ಕಾಫಿ ಬೀಜದ ಲೋಳೆ ಬಿಡಿಸುವುದು ಯಾರು?

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರದ ಸಣ್ಣ ಬೆಳೆಗಾರರು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಅರೇಬಿಕಾ ಬೀಜದ ಲೋಳೆ ಎಷ್ಟು ನೀರು ಹೊಯ್ದು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ತೊಟ್ಟಿಯಲ್ಲಿ ಒಂದು ದಿನ ಸುಮ್ನೆ ಬಿಟ್ಟರೆ ಸಲೀಸಾಗಿ ತೊಳೆದುಹೋಗುತ್ತದೆ. ನಾವಂತೂ ಏನೂ ಬೆರೆಸುವುದಿಲ್ಲ. ಒಳಗೆ ಏನು ನಡೆಯುತ್ತದೆ? ಚಳಿ ಜಾಸ್ತಿಯಾದರೆ ತಡವಾಗುವುದೇಕೆ?

ಉತ್ತರ: ಬೇಕಾದದ್ದೆಲ್ಲ ಹಣ್ಣಿನ ಜೊತೆಗೇ ತೊಟ್ಟಿಗೆ ಬಂದಿರುತ್ತದೆ.

ಲೋಳೆಯಲ್ಲಿ ಬಹುಪಾಲು ನೀರೇ. ಆ ನೀರನ್ನು ಹಿಡಿದಿಟ್ಟು ಅಂಟಾಗಿಸುವುದು ಪೆಕ್ಟಿನ್. ಗ್ಯಾಲಕ್ಟುರಾನಿಕ್ ಆಮ್ಲ ಎಂಬ ಸಕ್ಕರೆ ಜಾತಿಯ ಚಿಕ್ಕ ಅಣುಗಳು ನೂರಾರು ಸಾಲಾಗಿ ಸೇರಿದರೆ ಒಂದು ಪೆಕ್ಟಿನ್ ಅಣು. ಗಿಡ ಇದನ್ನು ಜೀವಕೋಶದೊಳಗಿನ ಗಾಲ್ಗಿ ಎಂಬ ಭಾಗದಲ್ಲಿ ಕಟ್ಟುತ್ತದೆ. ಅದು ಪುಕ್ಕಟೆ ಕೆಲಸವಲ್ಲ. ಪ್ರತಿ ತುಂಡಿಗೂ ಮೊದಲು ಯುಡಿಪಿ ಎಂಬ ಅಣುವನ್ನು ಅಂಟಿಸಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಆಮೇಲೇ ತುಂಡು ಸರಪಳಿಗೆ ಸೇರುವುದು.

ಒಡೆಯುವಾಗ ಇಷ್ಟು ಖರ್ಚಿಲ್ಲ. ಪ್ರತಿ ಬೆಸುಗೆಗೆ ಒಂದು ನೀರಿನ ಅಣು ಸೇರಿದರೆ ಅದು ಬಿಟ್ಟುಕೊಳ್ಳುತ್ತದೆ. ಹಾಗಾದರೆ ಬರೀ ನೀರು ಹೊಯ್ದರೆ ಸಾಲದೇಕೆ? ಬರೀ ನೀರಿನಲ್ಲಿ ಈ ಕೆಲಸ ತೀರಾ ನಿಧಾನ. ಅದನ್ನು ಚುರುಕಾಗಿಸುವುದು ಕಿಣ್ವಗಳು. ಹಣ್ಣು ಮಾಗುವಾಗಲೇ ಅದರಲ್ಲಿ ಕೆಲವು ಇರುತ್ತವೆ. ಸಿಪ್ಪೆಯ ಮೇಲಿನಿಂದ ಬಂದ ಬ್ಯಾಕ್ಟೀರಿಯಾ, ಯೀಸ್ಟ್‌ಗಳೂ ಕಿಣ್ವ ಬಿಡುತ್ತವೆ. ಅಷ್ಟು ದೊಡ್ಡ ಪೆಕ್ಟಿನ್ ಅಣು ಇವುಗಳ ಮೈಯೊಳಗೆ ಹೋಗಲಾರದು. ಅದಕ್ಕೇ ಹೊರಗೇ ಕತ್ತರಿಸಿ, ಚೂರುಗಳನ್ನಷ್ಟೇ ಒಳಗೆ ಎಳೆದುಕೊಳ್ಳುತ್ತವೆ. ಸಕ್ಕರೆ ತಿಂದು ಆಮ್ಲ ಬಿಡುವುದರಿಂದ ತೊಟ್ಟಿ ಹುಳಿ ವಾಸನೆ ಬರುತ್ತದೆ. (ಪೆಕ್ಟಿನ್ ಲೈಯೇಸ್ ಎಂಬ ಕಿಣ್ವ ಮಾತ್ರ ನೀರಿನ ಅಣು ಬಳಸದೆಯೇ ಬೆಸುಗೆ ಬಿಡಿಸುತ್ತದೆ.)

ನನಗೆ ತುಂಬಾ ಇಷ್ಟವಾಗುವ ಸಂಗತಿ ಬೇರೆಯೇ ಇದೆ. ಲೋಳೆ ಕರಗಿದರೂ ಅದರಡಿಯ ಪಾರ್ಚ್‌ಮೆಂಟ್ ಸಿಪ್ಪೆ ಗಟ್ಟಿಯಾಗೇ ಉಳಿಯುತ್ತದೆ, ಅಲ್ವಾ? ಅದರಲ್ಲಿರುವುದು ಮುಖ್ಯವಾಗಿ ಮರವನ್ನು ಗಟ್ಟಿಯಾಗಿಸುವ ವಸ್ತುಗಳಾದ ಸೆಲ್ಯುಲೋಸ್ ಮತ್ತು ಲಿಗ್ನಿನ್. ಪೆಕ್ಟಿನ್ ಕತ್ತರಿಸುವ ಕಿಣ್ವಕ್ಕೆ ಅಲ್ಲಿನ ಬೆಸುಗೆ ಹೊಂದುವುದೇ ಇಲ್ಲ. ಈ ಕರಾರುವಾಕ್ಕು ಇಲ್ಲದಿದ್ದರೆ ಬೀಜವೂ ಕೆಡುತ್ತಿತ್ತು.

ಚಳಿಯಲ್ಲಿ ಕಿಣ್ವಗಳ ವೇಗ ಇಳಿಯುತ್ತದೆ, ಸೂಕ್ಷ್ಮಜೀವಿಗಳೂ ನಿಧಾನಕ್ಕೆ ಬೆಳೆಯುತ್ತವೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಸಾಕು. ರೋಬಸ್ಟಾ ಲೋಳೆ ದಪ್ಪ, ಇನ್ನೂ ಹೆಚ್ಚು ಹೊತ್ತು ಬೇಕು. ಗಡಿಯಾರಕ್ಕಿಂತ ಕೈಯನ್ನು ನಂಬಿ. ಒಂದು ಹಿಡಿ ಬೀಜ ತೊಳೆದು ಉಜ್ಜಿದಾಗ ಜಲ್ಲಿಯ ಹಾಗೆ ಗರಗರ ಎಂದರೆ ತಕ್ಷಣ ತೊಳೆಯಿರಿ. ಆಮೇಲೂ ಬಿಟ್ಟರೆ ಹುಳಿ ಬೀಜಕ್ಕೇ ಇಳಿದು ರುಚಿ ಹಾಳಾಗುತ್ತದೆ.

ತೊಳೆದ ನೀರನ್ನು ದಯವಿಟ್ಟು ಹಳ್ಳಕ್ಕೆ ಬಿಡಬೇಡಿ. ಅದರ ತುಂಬಾ ಇದೇ ಚೂರುಗಳು. ಹಳ್ಳದ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನುಗಳಿಗೆ ಉಸಿರು ಸಿಗುವುದಿಲ್ಲ. ಬೇರೆ ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಇಳಿಸಿ, ಸಂಸ್ಕರಿಸಿದ ಮೇಲೇ ಮುಂದಿನ ಮಾತು.