ಕಂಪ್ಯೂಟರಿನಲ್ಲಿ ಜಾಗ ತುಂಬಿದೆ. ಒಳಗಿನ ಹಾರ್ಡ್ ಡಿಸ್ಕ್ ಹಾಕಿಸಲೋ, ಹೊರಗಿನದು ಕೊಳ್ಳಲೋ?

ಡೆಸ್ಕ್‌ಟಾಪ್ ಇದ್ದು, ದಿನಾ ಅದರಲ್ಲೇ ಕೆಲಸ ಅಂದರೆ ಒಳಗೇ ಹಾಕಿಸಿ. ಲ್ಯಾಪ್‌ಟಾಪ್ ಆದರೆ, ಇಲ್ಲವೇ ಫೈಲುಗಳನ್ನು ಅಲ್ಲಿ ಇಲ್ಲಿ ಒಯ್ಯುವುದಿದ್ದರೆ ಹೊರಗಿನದೇ ಸರಿ.

ಹೊರಗಿನದು ನಿಧಾನ ಅಂತಾರಲ್ವಾ, ಅದು ಅರ್ಧ ನಿಜ. ಅದರ ಪೆಟ್ಟಿಗೆಯೊಳಗೂ ಇರುವುದು ಅದೇ ತಿರುಗುವ ತಟ್ಟೆ. ತಟ್ಟೆಯಿಂದ ಓದುವ ವೇಗವೇ ಸೆಕೆಂಡಿಗೆ ಸುಮಾರು 100ರಿಂದ 200 ಎಂಬಿ. ಯುಎಸ್‌ಬಿ 3.0 ಅಷ್ಟನ್ನು ಆರಾಮಾಗಿ ಸಾಗಿಸುತ್ತದೆ. ಹಳೆಯ 2.0 ಪೋರ್ಟಿಗೆ ಚುಚ್ಚಿದರೆ ಮಾತ್ರ ವೇಗ 30–40ಕ್ಕೆ ಇಳಿಯುತ್ತದೆ. ಪೋರ್ಟಿನ ಒಳಗೆ ನೀಲಿ ಬಣ್ಣ ಇದ್ದರೆ ಸಾಮಾನ್ಯವಾಗಿ ಅದು 3.0.

ನಿಜವಾದ ಫರಕು ಇರುವುದು ಡಿಸ್ಕ್ ಕೆಳಗೆ ಬೀಳುವ ಅಪಾಯದಲ್ಲಿ. ಬೆಳಗಾವಿಯಲ್ಲಿ ನಾನು ಮದುವೆ ಫೋಟೋ ಕೆಲಸ ಮಾಡುತ್ತೇನೆ. ಒಮ್ಮೆ ಕೇಬಲ್ಲಿಗೆ ಕಾಲು ತಾಗಿ, ಓಡುತ್ತಿದ್ದ ಡಿಸ್ಕ್ ಮೇಜಿನಿಂದ ಕೆಳಗೆ ಬಿತ್ತು. ಆಮೇಲೆ ಬರೀ ಟಿಕ್ ಟಿಕ್ ಸದ್ದು. ಓದುವ ಮುಳ್ಳು ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಒಂದು ಏಟು ಬಿದ್ದರೆ ಅದು ತಟ್ಟೆಯನ್ನೇ ಗೀರಿಬಿಡಬಹುದು.

ಹಾಗಂತ ಒಳಗಿನ ಎರಡನೇ ಡಿಸ್ಕನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ. ಸಿಡಿಲಿಗೋ ವೋಲ್ಟೇಜ್ ಏರಿಳಿತಕ್ಕೋ ಎರಡೂ ಒಟ್ಟಿಗೇ ಹೋಗಬಹುದು. ಬ್ಯಾಕಪ್‌ಗೆ ಹೊರಗಿನದು ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಕಳಚಿ ಕಪಾಟಿನಲ್ಲಿಡಿ.