ಮೈಲುತುತ್ತಕ್ಕೆ ತಕ್ಕಡಿ, ಗ್ಲಾಸಿಗೆ ಕಣ್ಣಳತೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಕೊಂಕಣಿ ಕ್ರೈಸ್ತ ಕುಟುಂಬ. ವಯಸ್ಸು 41, ಎರಡೆಕರೆ ಅಡಿಕೆ ತೋಟ. ಸಂಜೆ ಎರಡೇ ಪೆಗ್ ಹಾಕುತ್ತೇನೆ. ವಾರಕ್ಕೆ ನಾಲ್ಕು ಕ್ವಾರ್ಟರ್ ತರುತ್ತೇನೆ. ಮನೆಯವರ ಜೊತೆ ಜಪಸರದ (ರೋಸರಿ) ಪ್ರಾರ್ಥನೆಗೆ ಕೂರುವಾಗ ವಾಸನೆ ಬರುತ್ತದೆಂದು ಬಾಗಿಲ ಹತ್ತಿರ ಕೂರುತ್ತೇನೆ. ಹೋದ ತಿಂಗಳು ಪಂಪ್‌ಮನೆಯಲ್ಲಿ ತೋಟದ ಔಷಧಿಗೆ ತಂದ ಮೈಲುತುತ್ತದ ಚೀಲದ ಹಿಂದೆ ಇಟ್ಟಿದ್ದ ಬಾಟಲಿ ಹೆಂಡತಿಗೆ ಸಿಕ್ಕಿತು. ಆವತ್ತಿನಿಂದ ಮಾತು ಕಡಿಮೆ. ಭಾವ ಪೂರ್ತಿ ಬಿಡು ಅನ್ನುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನ ನಾನು ಮುಟ್ಟುವುದಿಲ್ಲ, ಕೈ ನಡುಗಿದ್ದೂ ಇಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸುವೇ ನೀರನ್ನು ದ್ರಾಕ್ಷಾರಸ ಮಾಡಿಕೊಟ್ಟರಲ್ಲ? ಮಿತಿಯಲ್ಲಿ ಕುಡಿದರೆ ತಪ್ಪಾ?

ಉತ್ತರ: ತಪ್ಪು ಅಂತ ನಾನು ಹೇಳುವುದಿಲ್ಲ ಮಾರಾಯ್ರೇ. ಆದರೆ ಕಾನಾ ಮದುವೆಯನ್ನು ಸಾಕ್ಷಿಗೆ ಕರೆಯಬೇಡಿ. ಅಲ್ಲಿ ಆರು ಕಲ್ಲಿನ ಬಾನಿಗಳು ಮದುವೆಮನೆಯಲ್ಲೇ ಇದ್ದವು. ನಿಮ್ಮದು ಚೀಲದ ಹಿಂದೆ.

ಮೊದಲು ಲೆಕ್ಕ ನೋಡೋಣ. ಕ್ವಾರ್ಟರ್ ಅಂದರೆ 180 ಎಂ.ಎಲ್., ಅಂದರೆ 30ರ ಸಣ್ಣ ಪೆಗ್ ಆರು. ವಾರಕ್ಕೆ ನಾಲ್ಕು ಕ್ವಾರ್ಟರಿಗೆ 24 ಪೆಗ್. ದಿನಕ್ಕೆ ಎರಡರಂತೆ ಆದರೆ 14 ಆಗಬೇಕಿತ್ತು. ಉಳಿದ ಹತ್ತು ಎಲ್ಲಿ ಹೋಯಿತು? ಬೇಕಂತಲೇ ಸುಳ್ಳು ಬರೆದಿದ್ದೀರಿ ಅಂತ ನನಗೆ ಅನ್ನಿಸುವುದಿಲ್ಲ. ಸುರಿಯುವ ಕೈ ಧಾರಾಳ, ಅಷ್ಟೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅಂತ ತೂಗಿ ಹಾಕುತ್ತೀರಿ. ಸುಣ್ಣ ಕಡಿಮೆಯಾಗಿ ಎಳೆಕಾಯಿ ಸುಟ್ಟೀತು ಅನ್ನುವ ಭಯ ಅಲ್ವಾ? ಗ್ಲಾಸಿಗೆ ಮಾತ್ರ ಕಣ್ಣಳತೆ.

ಬೈಬಲ್ ವಿಷಯಕ್ಕೆ ಬಂದರೆ, ಸಂತ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ. ಎಫೆಸದವರಿಗೆ ಕುಡಿದು ಮತ್ತರಾಗಬೇಡಿ ಅಂದವನೂ ಅವನೇ. ನನಗೆ ಹಿಡಿಸುವುದು ಅವನು ಕೊರಿಂಥದವರಿಗೆ ಬರೆದದ್ದು. ಏನು ಮಾಡಲೂ ನನಗೆ ಸ್ವಾತಂತ್ರ್ಯವಿದೆ, ಆದರೆ ಯಾವುದರ ಆಳೂ ಆಗಲಾರೆ ಅನ್ನುವ ಅರ್ಥದ ಮಾತು. ಇನ್ನು ಭಾವನ ಜೊತೆ ವಾದ ಬೇಡ. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ.

ಆದರೂ 40 ದಿನ ಬಿಡುತ್ತೀರಲ್ಲ, ಅದು ಸಣ್ಣ ವಿಷಯ ಅಲ್ಲ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಏನು, ಯೋಚಿಸಿ. ದಿನ ಮೊದಲೇ ಗೊತ್ತಿತ್ತು. ಮನೆಯವರಿಗೆ ಗೊತ್ತಿತ್ತು. ಚರ್ಚಿನವರೂ ಜೊತೆಗಿದ್ದರು. ಉಳಿದ ದಿನಗಳಲ್ಲಿ ನೀವು ಒಬ್ಬರೇ, ಅದೂ ಪಂಪ್‌ಮನೆಯಲ್ಲಿ.

ಹಾಗಾಗಿ ಬಾಟಲಿ ಅಡುಗೆಮನೆ ಕಪಾಟಿಗೆ ಬರಲಿ, ಅಕ್ಕಿ ಡಬ್ಬದ ಪಕ್ಕ. ಶನಿವಾರ ಎರಡು, ಭಾನುವಾರ ಎರಡು, 30ರ ಅಳತೆ ಲೋಟದಲ್ಲಿ. ಮಿಕ್ಕ ಐದು ದಿನ ಇಲ್ಲ. ಇದನ್ನು ಹೆಂಡತಿಗೆ ಬಾಯಿಬಿಟ್ಟು ಹೇಳಿ, ಆದರೆ ಅವರನ್ನು ಪೊಲೀಸ್ ಮಾಡಬೇಡಿ. ಅಳೆಯೋದು ನಿಮ್ಮ ಕೆಲಸ, ಅವರ ಕಣ್ಣಿಗೆ ಬಿದ್ದರೆ ಸಾಕು. ಪಾಪನಿವೇದನೆಗೆ ಹೋದಾಗಲೂ ಅಷ್ಟೇ. 'ಸ್ವಲ್ಪ ಜಾಸ್ತಿ ಆಯ್ತು ಫಾದರ್' ಬೇಡ. ಎಷ್ಟು ಅಂತ ಹೇಳಿ.

ಬಾಗಿಲ ಹತ್ತಿರ ಕೂರುತ್ತೇನೆ ಅಂದಿರಲ್ಲ, ಇಡೀ ಪತ್ರದಲ್ಲಿ ನನಗೆ ಸಂಕಟವಾದದ್ದು ಆ ಸಾಲಿಗೆ. ಮಕ್ಕಳಿಗೆ ಕಾರಣ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಇನ್ನು ಮೇಲೆ ಜಪಸರ ಮುಗಿದು ಊಟಕ್ಕೆ ಕೂತ ಮೇಲೇ ಮೊದಲ ಪೆಗ್. ಹಸಿದ ಹೊಟ್ಟೆಗೆ ಸುರಿಯುವುದು ತಪ್ಪುತ್ತದೆ. ಮಕ್ಕಳ ಪಕ್ಕದಲ್ಲೂ ಕೂರಬಹುದು.

ಮೂರು ತಿಂಗಳು ನೋಡಿ. ಅಳತೆ ಮತ್ತೆ ಮತ್ತೆ ತಪ್ಪಿದರೆ ಮಿತಿ ನಿಮಗೆ ಒಗ್ಗದು. ಭಾವ ಹೇಳಿದ್ದೇ ದಾರಿ. ಯಾವತ್ತಾದರೂ ಬೆಳಿಗ್ಗೆ ಕೈ ನಡುಗಲು, ಬೆವರಲು ಶುರುವಾದರೆ ಹರಕೆ ಹೊತ್ತು ಒಮ್ಮೆಗೇ ನಿಲ್ಲಿಸಲು ಹೋಗಬೇಡಿ, ಫಿಟ್ಸ್ ಬರಬಹುದು. ಆಗ ಪ್ರಾರ್ಥನೆಯ ಜೊತೆ ಡಾಕ್ಟರೂ ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416, ಸರ್ಕಾರದ್ದು, ದುಡ್ಡು ಬೇಡ.

ಇನ್ನು ಮುಂದಿನ ತಿಂಗಳು ಮಂಗಳೂರಲ್ಲಿ ನೆಂಟರ ಮನೆ ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಇದೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಅಲ್ಲಿ ತಗೊಂಡದ್ದನ್ನು ಆ ವಾರದ ನಾಲ್ಕರಲ್ಲೇ ಸೇರಿಸಿ. ವಾಪಸ್ ಆಗುಂಬೆ ಘಾಟಿ ಹತ್ತುವಾಗ ಕಾರಿನ ಕೀ ಭಾವನ ಕೈಯಲ್ಲಿರಲಿ. ದಾರಿಯುದ್ದಕ್ಕೂ ಬುದ್ಧಿ ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ.