ತೀರ್ಥಹಳ್ಳಿ ಕಡೆ ಸ್ಕಿಜೋಫ್ರೀನಿಯಾ (ಇಲ್ಲದ ಧ್ವನಿ ಕೇಳಿಸುವ, ಸುಳ್ಳು ಅನುಮಾನ ಕಾಡುವ ಮಾನಸಿಕ ಕಾಯಿಲೆ) ಜಾಸ್ತಿಯಂತೆ, ನಿಜವಾ? ಸೋದರಮಾವನಿಗಿದ್ದರೆ ನನಗೂ ಬರುತ್ತಾ?

ಜಾಸ್ತಿ ಅನ್ನುವ ಮಾತು ಹುಟ್ಟಲು ಒಂದು ಕಾರಣವಿದೆ. ನಿಮ್ಹಾನ್ಸ್‌ನವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಈ ಕಾಯಿಲೆ ಇರುವವರನ್ನು ಗುರುತಿಸಿ, ಚಿಕಿತ್ಸೆ ಕೊಡುತ್ತಾ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹುಡುಕಿದ ಕಡೆ ಸಿಗುತ್ತಾರೆ, ಅಷ್ಟೆ. ಘಟ್ಟದ ನೀರನ್ನೋ ಮಳೆಯನ್ನೋ ದೂರಬೇಕಿಲ್ಲ.

ಜನ ಎಡವುವುದು ಎರಡು ಲೆಕ್ಕ ಬೆರೆಸಿದಾಗ. ವರ್ಷಕ್ಕೆ ಹೊಸದಾಗಿ ಕಾಯಿಲೆ ಶುರುವಾಗುವುದು ಲಕ್ಷಕ್ಕೆ ಸುಮಾರು 15 ಜನರಿಗೆ. ಸದ್ಯ ಕಾಯಿಲೆ ಇರುವವರು ಸಾವಿರಕ್ಕೆ ನಾಲ್ಕೈದು. ಒಂದೂವರೆ ಲಕ್ಷ ಜನರಿರುವ ತಾಲ್ಲೂಕಿಗೆ ಗುಣಿಸಿ: ವರ್ಷಕ್ಕೆ ಹೊಸಬರು 20-25, ಒಟ್ಟು ಇರುವವರು 600ರ ಮೇಲೆ. ಹರೆಯದಲ್ಲೇ ಶುರುವಾಗಿ ಬಹಳ ವರ್ಷ ಉಳಿಯುವ ಕಾಯಿಲೆಯಾದ್ದರಿಂದ ಸಂಖ್ಯೆ ಹೀಗೆ ಕೂಡುತ್ತಾ ಹೋಗುತ್ತದೆ. 600 ಅಂದಾಗ ಗಾಬರಿಯಾಗುತ್ತದೆ, ಆದರೆ ಅದು ಎಲ್ಲ ಕಡೆಯ ಸಾಮಾನ್ಯ ಪ್ರಮಾಣವೇ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಶೇ. 1.4 ಅನ್ನು ಇದಕ್ಕೆ ಹೋಲಿಸಬೇಡಿ. ಅದು ಜೀವಮಾನದಲ್ಲಿ ಎಂದಾದರೂ ಕಾಯಿಲೆ ಬಂದವರ ಲೆಕ್ಕ, ಅದರಲ್ಲಿ ವಾಸ್ತವದ ಅರಿವು ತಪ್ಪಿಸುವ ಇತರ ಸೈಕೋಸಿಸ್‌ಗಳೂ ಸೇರಿವೆ.

ಪೇಟೆಯಲ್ಲಿ ಹೆಚ್ಚು ಅನ್ನುವುದು ಮುಖ್ಯವಾಗಿ ಯುರೋಪಿನ ಮಾತು. ಡೆನ್ಮಾರ್ಕಿನಲ್ಲಿ ರಾಜಧಾನಿಯಲ್ಲಿ ಹುಟ್ಟಿದವರಿಗೆ ಹಳ್ಳಿಯಲ್ಲಿ ಹುಟ್ಟಿದವರಿಗಿಂತ ಎರಡು ಪಟ್ಟಿಗೂ ಮಿಕ್ಕಿ ಅಪಾಯ ಕಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಚಂಡೀಗಢದ ನಗರಕ್ಕೂ ಸುತ್ತಲಿನ ಹಳ್ಳಿಗಳಿಗೂ ಅಂಥ ಅಂತರ ಕಾಣಲಿಲ್ಲ.

ಇನ್ನು ನಿಮ್ಮ ವಿಷಯ. ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೆ ಜೀವಮಾನದ ಅಪಾಯ ನೂರಕ್ಕೆ ಒಂದರ ಒಳಗೆ. ಸೋದರಮಾವನಿಗಿದ್ದರೆ ಮೂರು-ನಾಲ್ಕು, ಒಡಹುಟ್ಟಿದವರಿಗಿದ್ದರೆ ಒಂಬತ್ತರ ಆಸುಪಾಸು, ಅಪ್ಪ-ಅಮ್ಮರಲ್ಲಿ ಒಬ್ಬರಿಗಿದ್ದರೆ ಹತ್ತು ಚಿಲ್ಲರೆ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವುದು ನೂರಕ್ಕೆ 40-50 ಮಾತ್ರ. ಅಂದರೆ ವಂಶವಾಹಿಯೇ ಎಲ್ಲವೂ ಅಲ್ಲ. ಹೆರಿಗೆ ಹೊತ್ತಿನ ತೊಂದರೆ, ಗಾಂಜಾ ಇಂಥವೂ ಸೇರುತ್ತವೆ. ಇವುಗಳಲ್ಲಿ ನಿಮ್ಮ ಕೈಲಿರುವುದು ಗಾಂಜಾ ಒಂದೇ, ಅದರ ಹತ್ತಿರ ಹೋಗಬೇಡಿ.

ಗಂಡಸರಲ್ಲಿ ಹೆಚ್ಚಾಗಿ 25ರ ಒಳಗೆ ಶುರು, ಹೆಂಗಸರಲ್ಲಿ ಕೆಲವು ವರ್ಷ ತಡ. ಮೊದಲಿಗೆ ಧ್ವನಿ ಕೇಳಿಸಬೇಕೆಂದೇನಿಲ್ಲ. ನಿದ್ದೆ ಕೆಡುವುದು, ಯಾರ ಜೊತೆಗೂ ಬೆರೆಯದಿರುವುದು, ಓದು-ತೋಟದ ಕೆಲಸ ಕೈಬಿಡುವುದು, ವಿನಾಕಾರಣ ಅನುಮಾನ ಮುಂಚೆ ಬರಬಹುದು. ಚೌಡಿ, ಮಾಟ ಅಂತ ತಿಂಗಳುಗಟ್ಟಲೆ ಸುತ್ತಿದಷ್ಟೂ ಔಷಧಿಗೆ ಬಗ್ಗುವುದು ನಿಧಾನವಾಗುತ್ತದೆ. ಹರಕೆ ಬೇಕಾದರೆ ಹೊರಲಿ, ಮಾತ್ರೆ ಜೊತೆಗೇ ನಡೆಯಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಕಾಯಿಲೆಗಳಿಗೆಂದೇ ಮನೋಚೈತನ್ಯ ಕ್ಲಿನಿಕ್ ಇರುತ್ತದೆ. ಹೋಗುವ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.